ಅಪ್‌ಲೋಡ್ ಆಗದಿದ್ದರೆ ಎಲ್ಲಿ ನಿಂತಿತು ನೋಡಿ

ಅರ್ಜಿ ಹಾಕುವ ಕಾಲ ಬಂತೆಂದರೆ ನಮ್ಮ ಬೀದಿಯ ಹುಡುಗ ಹುಡುಗಿಯರು ಫೋನ್ ಹಿಡಿದು ಮನೆಗೆ ಬರುತ್ತಾರೆ. ಸ್ಕಾಲರ್‌ಶಿಪ್ಪೋ ಸಿಇಟಿಯೋ ಬ್ಯಾಂಕ್ ಪರೀಕ್ಷೆಯೋ, ಎಲ್ಲರದೂ ಒಂದೇ ಮಾತು: ‘ಅಪ್‌ಲೋಡೇ ಆಗ್ತಿಲ್ಲ.’ ಸರ್ವರ್ ಡೌನ್ ಅಂತ ಕೈಚೆಲ್ಲಿ ಕೂರಬೇಡಿ ಮಕ್ಕಳೇ. ವರ್ಷವಿಡೀ ಓದಿದವರ ಅರ್ಜಿ ಒಂದು ಫೈಲಿನ ದೆಸೆಯಿಂದ ನಿಂತರೆ ನನಗೆ ಸಂಕಟವಾಗುತ್ತದೆ.

• ಮೊದಲು ನೋಡಬೇಕಾದದ್ದು ಯಾವ ಘಳಿಗೆಯಲ್ಲಿ ಕೈಕೊಟ್ಟಿತು ಎಂಬುದನ್ನು. ಫೈಲ್ ಆರಿಸಿದ ತಕ್ಷಣ ಕೆಂಪಕ್ಷರ ಬಂದರೆ ಫೈಲಿನಲ್ಲೇ ದೋಷ: ಗಾತ್ರ ಇಲ್ಲವೇ ಬಗೆ ಸರಿಯಿಲ್ಲ. ಅರ್ಧಕ್ಕೆ ಹೋಗಿ ನಿಂತರೆ ನಿಮ್ಮ ನೆಟ್. ವಿಡಿಯೋ ಸಲೀಸಾಗಿ ಓಡುತ್ತಿದೆಯಲ್ಲ ಎನ್ನಬೇಡಿ, ಮೊಬೈಲ್ ನೆಟ್‌ನಲ್ಲಿ ಕಳಿಸುವ ವೇಗ ಇಳಿಸಿಕೊಳ್ಳುವ ವೇಗಕ್ಕಿಂತ ಸಾಮಾನ್ಯವಾಗಿ ಬಹಳ ಕಡಿಮೆ. ನೂರಕ್ಕೆ ನೂರು ತಲುಪಿದ ಮೇಲೆ ಬಿದ್ದುಹೋದರೆ ಆಚೆ ಬದಿಯ ಸರ್ವರ್ ಒಪ್ಪಲಿಲ್ಲ ಎಂದು ತಿಳಿಯಿರಿ. ಪರದೆಯ ಮೇಲೆ 413 ಎಂದು ಕಂಡರೆ ಫೈಲ್ ದೊಡ್ಡದಾಯಿತು, 504 ಎಂದಿದ್ದರೆ ಸರ್ವರ್ ಹೊತ್ತಿಗೆ ಸರಿಯಾಗಿ ಉತ್ತರ ಕೊಡಲಿಲ್ಲ. ಆ ಅಂಕಿಯನ್ನು ಓದದೆ ಪುಟ ಮುಚ್ಚಬೇಡಿ.

• ಪುಟದಲ್ಲಿ 5 ಎಂಬಿ ಎಂದು ಬರೆದಿದ್ದರೂ ಕೆಲವೊಮ್ಮೆ 3 ಎಂಬಿಯ ಫೈಲ್ ಹೋಗುವುದಿಲ್ಲ. ಪುಟ ಬರೆದವರು ಒಬ್ಬರು, ಸರ್ವರ್ ನೋಡಿಕೊಳ್ಳುವವರು ಇನ್ನೊಬ್ಬರು. ಯಾರೂ ಬದಲಿಸದೆ ಬಿಟ್ಟರೆ ಸರ್ವರ್‌ನಲ್ಲಿ ಓಡುವ ಪಿಎಚ್‌ಪಿ ಎಂಬ ತಂತ್ರಾಂಶದ ಮಿತಿ ಫೈಲಿಗೆ 2 ಎಂಬಿ, ಎನ್‌ಜಿನ್‌ಎಕ್ಸ್ ಸರ್ವರ್‌ನದು 1 ಎಂಬಿ. ಹಾಗಾಗಿ ಏನೂ ತೋಚದಿದ್ದಾಗ ಫೈಲನ್ನು 1 ಎಂಬಿಗಿಂತ ಕೆಳಗಿಳಿಸಿ ನೋಡಿ. ಎಷ್ಟೋ ಸಲ ಅಲ್ಲಿಗೇ ಕೆಲಸ ಮುಗಿಯುತ್ತದೆ.

• ಗಾತ್ರ ಇಳಿಸುವುದು ಕಷ್ಟವಲ್ಲ. 12 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋಟೊ 4000 ಪಿಕ್ಸೆಲ್ ಅಗಲ, 3000 ಎತ್ತರ ಇರುತ್ತದೆ. ಕಂಪ್ಯೂಟರಿನ ಪೇಂಟ್‌ನಲ್ಲಿ ತೆರೆದು ‘ರೀಸೈಜ್’ ಒತ್ತಿ 800ಕ್ಕೆ 600 ಮಾಡಿದರೆ ಪಿಕ್ಸೆಲ್‌ಗಳು ಇಪ್ಪತ್ತೈದರಲ್ಲಿ ಒಂದು ಪಾಲಿಗೆ ಇಳಿಯುತ್ತವೆ. ಮುಖದ ಫೋಟೊಗೆ ಅಷ್ಟು ಧಾರಾಳ ಸಾಕು. ಮಾರ್ಕ್ಸ್ ಕಾರ್ಡಿಗೆ ಮಾತ್ರ ಇಷ್ಟು ಇಳಿಸಬೇಡಿ, ಅಂಕಗಳು ಮಸುಕಾದರೆ ಪರಿಶೀಲಿಸುವವರು ತಿರಸ್ಕರಿಸುತ್ತಾರೆ. ಅದನ್ನು 200 ಡಿಪಿಐನಲ್ಲಿ, ಬಣ್ಣವಿಲ್ಲದೆ, ಸ್ಕ್ಯಾನ್ ಮಾಡಿಸಿ. ಬಣ್ಣದ್ದೇ ಬೇಕು ಎಂದು ಸೂಚನೆಯಲ್ಲಿದ್ದರೆ ಬೇರೆ ಮಾತು.

• ಫೈಲ್ ತೀರಾ ಚಿಕ್ಕದಾದರೂ ಪುಟ ತಳ್ಳಿಹಾಕುತ್ತದೆ. ಬ್ಯಾಂಕ್ ಪರೀಕ್ಷೆ ನಡೆಸುವ ಐಬಿಪಿಎಸ್‌ನ ಅರ್ಜಿಯಲ್ಲಿ ಫೋಟೊ 20ರಿಂದ 50 ಕೆಬಿ, ಸಹಿ 10ರಿಂದ 20 ಕೆಬಿ ಒಳಗಿರಬೇಕು. 8 ಕೆಬಿಯ ಸಹಿ ಹಾಕಿ ‘ಚಿಕ್ಕದೇ ಇದೆಯಲ್ಲ, ಯಾಕೆ ತಗೊಳ್ತಿಲ್ಲ’ ಎಂದು ಪರದಾಡುವವರಿದ್ದಾರೆ. ಕನಿಷ್ಠ ಎಷ್ಟು ಎಂಬುದನ್ನೂ ಓದಿ.

• ಐಫೋನ್ ಇದ್ದವರಿಗೆ ಒಂದು ಮಾತು. 2017ರಿಂದ ಈಚೆಗೆ ಅದರ ಕ್ಯಾಮೆರಾ ಫೋಟೊಗಳನ್ನು ಎಚ್‌ಇಐಸಿ ಎಂಬ ಬಗೆಯಲ್ಲಿ ಉಳಿಸುತ್ತದೆ, ಜೆಪಿಜಿ ಕೇಳುವ ಪುಟ ಅದನ್ನು ಒಪ್ಪದಿರಬಹುದು. ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಅದರಲ್ಲಿ ಫಾರ್ಮ್ಯಾಟ್ಸ್, ಅಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿ, ಆಮೇಲೆ ಹೊಸದಾಗಿ ಫೋಟೊ ತೆಗೆಯಿರಿ.

• ಹೆಸರಿನ ಕೊನೆಯಲ್ಲಿ ಜೆಪಿಜಿ ಎಂದು ತಿದ್ದಿಬಿಟ್ಟರೆ ಫೈಲ್ ಜೆಪಿಜಿ ಆಗುವುದಿಲ್ಲ. ಹೆಸರಿನ ಚೀಟಿ ಬದಲಿಸಿದರೆ ಡಬ್ಬಿಯೊಳಗಿನ ಉಪ್ಪು ಸಕ್ಕರೆಯಾದೀತೇ? ಫೈಲ್ ತೆರೆದು ‘ಸೇವ್ ಆ್ಯಸ್’ನಲ್ಲಿ ಜೆಪೆಗ್ ಆರಿಸಿ ಉಳಿಸಿ.

• ಫೈಲಿನ ಹೆಸರು ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲಿ ಚಿಕ್ಕದಾಗಿರಲಿ. ಕನ್ನಡ ಅಕ್ಷರ, ಖಾಲಿ ಜಾಗ, ಆವರಣ ಚಿಹ್ನೆ, ಎರಡೆರಡು ಚುಕ್ಕೆ ಕಂಡರೆ ಹಳೆಯ ಸರ್ವರ್‌ಗಳು ಮುಗ್ಗರಿಸುತ್ತವೆ. ನಮ್ಮ ಲಿಪಿಯಲ್ಲಿ ಹೆಸರಿಟ್ಟ ಫೈಲನ್ನೂ ತೆಗೆದುಕೊಳ್ಳುವಂತೆ ಪುಟ ಕಟ್ಟುವುದು ಇವತ್ತು ದೊಡ್ಡ ಕೆಲಸವೇನಲ್ಲ, ಕಟ್ಟುವವರು ಮನಸ್ಸು ಮಾಡಬೇಕು. ಅಲ್ಲಿಯವರೆಗೆ ನೀವು ಹುಷಾರಾಗಿರಿ.

• ಆಧಾರ್ ಪಿಡಿಎಫ್ ಡೌನ್‌ಲೋಡ್ ಮಾಡಿದರೆ ಅದಕ್ಕೆ ಪಾಸ್‌ವರ್ಡ್ ಇರುತ್ತದೆ: ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಜೊತೆಗೆ ಹುಟ್ಟಿದ ಇಸವಿ. ಬೀಗ ಹಾಕಿದ ಫೈಲನ್ನು ಅನೇಕ ಪುಟಗಳು ಒಪ್ಪುವುದಿಲ್ಲ. ಒಪ್ಪಿದರೂ ಪರಿಶೀಲಿಸುವವರಿಗೆ ತೆರೆಯಲು ಬರುವುದಿಲ್ಲ. ತೆರೆದು, ಪ್ರಿಂಟ್ ಒತ್ತಿ, ಪ್ರಿಂಟರ್ ಬದಲು ‘ಸೇವ್ ಆ್ಯಸ್ ಪಿಡಿಎಫ್’ ಆರಿಸಿದರೆ ಬೀಗವಿಲ್ಲದ ಪ್ರತಿ ಸಿಗುತ್ತದೆ. ಇದರಲ್ಲಿ ಡಿಜಿಟಲ್ ಸಹಿ ಉಳಿಯುವುದಿಲ್ಲ, ಮೂಲ ಫೈಲನ್ನು ಅಳಿಸಬೇಡಿ.

• ಗಾತ್ರ ಇಳಿಸಿಕೊಡುತ್ತೇವೆ ಎನ್ನುವ ಗೊತ್ತಿಲ್ಲದ ವೆಬ್‌ಸೈಟುಗಳಿಗೆ ಆಧಾರ್, ಪಾಸ್‌ಬುಕ್, ಸಹಿ ಹಾಕಬೇಡಿ. ಎಷ್ಟೇ ಅವಸರವಿದ್ದರೂ ಬೇಡ. ಸೈಬರ್ ಸೆಂಟರ್‌ನಲ್ಲಿ ಕೆಲಸ ಮುಗಿದ ಮೇಲೆ ಡೌನ್‌ಲೋಡ್ಸ್ ಫೋಲ್ಡರ್ ತೆರೆಸಿ, ನಿಮ್ಮ ಫೈಲುಗಳನ್ನು ನಿಮ್ಮೆದುರೇ ಅಳಿಸಲು ಹೇಳಿ. ರೀಸೈಕಲ್ ಬಿನ್ ಕೂಡ. ಸಂಕೋಚ ಪಡಬೇಡಿ, ಅದು ನಿಮ್ಮ ಹಕ್ಕು.

• ವಾಟ್ಸ್‌ಆ್ಯಪ್‌ನಲ್ಲಿ ಮಾರ್ಕ್ಸ್ ಕಾರ್ಡ್ ಕಳಿಸುವಾಗ ಫೋಟೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ. ಫೋಟೊ ಎಂದು ಕಳಿಸಿದರೆ ವಾಟ್ಸ್‌ಆ್ಯಪ್ ಅದನ್ನು ಕುಗ್ಗಿಸುತ್ತದೆ.

• ಪುಟ ತೆರೆದಿಟ್ಟು ಊಟಕ್ಕೆ ಎದ್ದು ಹೋದರೆ ಲಾಗಿನ್ ತಾನಾಗಿ ಮುಗಿದಿರುತ್ತದೆ, ಪುಟ ಮಾತ್ರ ಹಾಗೇ ಕಾಣುತ್ತಿರುತ್ತದೆ. ಎಲ್ಲ ಫೈಲುಗಳನ್ನೂ ಒಂದೇ ಫೋಲ್ಡರಿನಲ್ಲಿ ತಯಾರಿಟ್ಟುಕೊಂಡು ಆಮೇಲೆ ಲಾಗಿನ್ ಆಗಿ. ಆಗಲೂ ಅಪ್‌ಲೋಡ್ ಆಗದಿದ್ದರೆ ಇನ್‌ಕಾಗ್ನಿಟೊ ಕಿಟಕಿ, ಬೇರೆ ಬ್ರೌಸರ್, ಬೇರೆಯವರ ಹಾಟ್‌ಸ್ಪಾಟ್, ಒಂದೊಂದಾಗಿ ಬದಲಿಸಿ ನೋಡಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ತಪ್ಪು ಯಾವುದರಲ್ಲಿತ್ತು ಎಂದು ತಿಳಿಯುವುದಿಲ್ಲ.

• ‘ಸಕ್ಸಸ್’ ಎಂದು ಬಂದರೂ ‘ವ್ಯೂ’ ಒತ್ತಿ ನೋಡಿ. ಸಹಿಯ ಜಾಗದಲ್ಲಿ ಫೋಟೊ, ಎರಡು ಪುಟದ ಪಿಡಿಎಫ್‌ನಲ್ಲಿ ಒಂದೇ ಪುಟ, ಅಡ್ಡಡ್ಡ ಬಿದ್ದ ಪ್ರಮಾಣಪತ್ರ ಆಗಲೇ ಕಣ್ಣಿಗೆ ಬೀಳುವುದು.

• ಏನು ಮಾಡಿದರೂ ಆಗದಿದ್ದರೆ ಕೊನೆಯ ದಿನಕ್ಕೆ ಮುಂಚೆಯೇ ಸಹಾಯವಾಣಿಗೆ ಇಮೇಲ್ ಹಾಕಿ. ಅರ್ಜಿ ಸಂಖ್ಯೆ, ತಾರೀಖು, ವೇಳೆ, ಬ್ರೌಸರಿನ ಹೆಸರು, ಫೈಲಿನ ಗಾತ್ರ ಬರೆಯಿರಿ. ಗಡಿಯಾರ ಮತ್ತು ಬ್ರೌಸರಿನ ವಿಳಾಸಪಟ್ಟಿ ಎರಡೂ ಕಾಣುವಂತೆ ಇಡೀ ಪರದೆಯ ಸ್ಕ್ರೀನ್‌ಶಾಟ್ ಲಗತ್ತಿಸಿ. ಫೋನ್‌ನಲ್ಲಿ ಹೇಳಿದ್ದಕ್ಕೆ ದಾಖಲೆ ಇರುವುದಿಲ್ಲ, ಇಮೇಲಿಗೆ ಇರುತ್ತದೆ. ಉತ್ತರ ಬರಲಿಲ್ಲವೆಂದರೆ ಮರುದಿನ ಅದೇ ಇಮೇಲಿನ ಕೆಳಗೇ ಮತ್ತೆ ಬರೆಯಿರಿ, ಹೊಸದಾಗಿ ಶುರುಮಾಡಬೇಡಿ.