ಮೊದಲು ಚಿಕಿತ್ಸೆ, ಆಮೇಲೆ ಕಾಗದಪತ್ರ

ಬಸ್ ನಿಲ್ದಾಣದ ಶೌಚಾಲಯದ ಗೋಡೆಯಲ್ಲಿ ಆ ಚೀಟಿಯನ್ನು ನೋಡದವರು ಕಡಿಮೆ. ‘ಗುಪ್ತರೋಗಕ್ಕೆ ಖಚಿತ ಪರಿಹಾರ’ ಎಂದು ದಪ್ಪಕ್ಷರ, ಕೆಳಗೊಂದು ಮೊಬೈಲ್ ನಂಬರು, ಯಾವ ವಾರ ಯಾವ ಲಾಡ್ಜಿನಲ್ಲಿ ‘ಡಾಕ್ಟರು’ ಸಿಗುತ್ತಾರೆ ಎಂಬ ವಿವರ. ಆ ಚೀಟಿ ಅಂಟಿಸುವುದೇ ಅಪರಾಧ. ಸಿಫಿಲಿಸ್, ಗೊನೊರಿಯಾದಂಥ ರೋಗಗಳನ್ನು ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವುದನ್ನು ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ 1954ರಲ್ಲೇ ನಿಷೇಧಿಸಿದೆ. ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಅಥವಾ ಎರಡೂ. ಕಾನೂನಿಗೆ ಎಪ್ಪತ್ತು ದಾಟಿತು, ಚೀಟಿ ಮಾತ್ರ ವಾರವಾರವೂ ಹೊಸದು.

ಹದಿನಾರು ಹದಿನೇಳರ ಹುಡುಗ ಫೋನ್ ಮಾಡುವುದು ಆ ನಂಬರಿಗೆ. ಹುಡುಗಿಗೆ ಅದೂ ಇಲ್ಲ. ಗೆಳತಿಯ ಕೈಯಲ್ಲಿ ಮೆಡಿಕಲ್ ಸ್ಟೋರಿನಿಂದ ಮಾತ್ರೆ ತರಿಸುತ್ತಾಳೆ. ಸರ್ಕಾರಿ ಆಸ್ಪತ್ರೆ ಎರಡು ಹೆಜ್ಜೆಯಲ್ಲಿದ್ದರೂ ಇಬ್ಬರೂ ಅತ್ತ ಹೋಗುವುದಿಲ್ಲ. ಡಾಕ್ಟರು ಪೊಲೀಸರಿಗೆ ಹೇಳಿಬಿಟ್ಟರೆ, ಪೊಲೀಸರು ಮನೆಗೆ ಬಂದುಬಿಟ್ಟರೆ ಎಂಬ ದಿಗಿಲು. ಈ ದಿಗಿಲಿಗೆ ಆಧಾರವಿದೆ. ಆದರೆ ಪೊಲೀಸರಿಗೆ ತಿಳಿಸಬೇಕೆಂಬ ನಿಯಮದ ಜೊತೆಗೇ ಕಾನೂನು ಕೊಟ್ಟಿರುವ ರಕ್ಷಣೆಗಳ ವಿಷಯವನ್ನು ಮಕ್ಕಳಿಗೆ ಯಾರೂ ಹೇಳಿರುವುದಿಲ್ಲ. ಅಪ್ಪ ಅಮ್ಮಂದಿರಿಗೂ ಗೊತ್ತಿರುವುದಿಲ್ಲ.

ಮೊದಲು ದೇಹದ ವಿಷಯ. ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕುಗಳಲ್ಲಿ ಹಲವು ಸದ್ದು ಮಾಡುವುದಿಲ್ಲ. ಕ್ಲಮೀಡಿಯಾ, ಗೊನೊರಿಯಾ ತಗಲಿದ ಹುಡುಗಿಯರಲ್ಲಿ ಬಹುಪಾಲು ಯಾವ ಲಕ್ಷಣವೂ ಇರುವುದಿಲ್ಲ. ಚಿಕಿತ್ಸೆಯಿಲ್ಲದೆ ಬಿಟ್ಟರೆ ಸೋಂಕು ಗರ್ಭನಾಳಗಳವರೆಗೆ ಏರಿ, ಮುಂದೆ ಬಸಿರಾಗುವುದನ್ನೇ ಕಷ್ಟವಾಗಿಸಬಹುದು. ಸಿಫಿಲಿಸ್‌ನ ಮೊದಲ ಹುಣ್ಣು ನೋಯುವುದಿಲ್ಲ, ಕೆಲವು ವಾರಗಳಲ್ಲಿ ತಾನೇ ಮಾಯುತ್ತದೆ. ವಾಸಿಯಾಯಿತೆಂದು ಹುಡುಗ ನಿಟ್ಟುಸಿರು ಬಿಡುತ್ತಾನೆ, ರೋಗಾಣು ರಕ್ತದಲ್ಲಿ ಉಳಿದಿರುತ್ತದೆ. ಹದಿಹರೆಯದ ಹುಡುಗಿಯ ಗರ್ಭಕೊರಳಿನ ಪದರ ಇನ್ನೂ ಬಲಿತಿರುವುದಿಲ್ಲವಾದ್ದರಿಂದ ದೊಡ್ಡವರಿಗಿಂತ ಸುಲಭವಾಗಿ ಸೋಂಕು ಹಿಡಿಯುತ್ತದೆ. ಲೈಂಗಿಕ ಸಂಪರ್ಕವನ್ನು ಮುಂದೂಡುವುದೇ ಒಳ್ಳೆಯದು ಎಂಬ ಹಿರಿಯರ ಮಾತಿಗೆ ಇಷ್ಟು ಗಟ್ಟಿ ವೈದ್ಯಕೀಯ ಕಾರಣವಿರುವಾಗ, ಅದನ್ನು ಹೇಳದೆ ‘ಮರ್ಯಾದೆ’ ಒಂದನ್ನೇ ಹಿಡಿದು ಕೂರುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಕಾಂಡೋಮ್ ಸರಿಯಾಗಿ ಬಳಸಿದರೆ ಎಚ್‌ಐವಿ, ಗೊನೊರಿಯಾ, ಕ್ಲಮೀಡಿಯಾಗಳ ಅಪಾಯ ಬಹಳಷ್ಟು ತಗ್ಗುತ್ತದೆ. ಹರ್ಪಿಸ್ ಮತ್ತು ಎಚ್‌ಪಿವಿ ಚರ್ಮದ ಸಂಪರ್ಕದಿಂದಲೂ ಹರಡುವುದರಿಂದ ಅವುಗಳಿಗೆ ಅದು ಪೂರ್ಣ ತಡೆಯಲ್ಲ. ಎಚ್‌ಪಿವಿಗೆ ಲಸಿಕೆಯಿದೆ. ಗರ್ಭಕೊರಳಿನ ಕ್ಯಾನ್ಸರುಗಳಲ್ಲಿ ಸುಮಾರು ಶೇ 70ಕ್ಕೆ ಈ ವೈರಸ್ಸಿನ 16 ಮತ್ತು 18ನೇ ತಳಿಗಳೇ ಕಾರಣ. 9ರಿಂದ 14ರ ವಯಸ್ಸಿನೊಳಗೆ, ಅಂದರೆ ಲೈಂಗಿಕ ಜೀವನ ಶುರುವಾಗುವ ಎಷ್ಟೋ ಮೊದಲು, ಹಾಕಿಸಿದರೆ ಲಸಿಕೆಯ ಫಲ ಹೆಚ್ಚು. ಮಗಳಿಗೆ ಇದನ್ನು ಹಾಕಿಸಿದರೆ ‘ಪರವಾನಗಿ’ ಕೊಟ್ಟಂತಾಗುತ್ತದೆ ಎಂದು ಹಿಂಜರಿಯುವವರು ಹೆಪಟೈಟಿಸ್ ಬಿ ಲಸಿಕೆಯನ್ನು ಅದೇ ಮಗಳಿಗೆ ಹುಟ್ಟಿದಾಗಲೇ ಹಾಕಿಸಿರುತ್ತಾರೆ. ಅದೂ ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕೇ.

ಮೆಡಿಕಲ್ ಸ್ಟೋರಿನ ಬಗ್ಗೆಯೂ ಒಂದು ಮಾತು. ‘72 ಗಂಟೆಯ ಮಾತ್ರೆ’ ಟಿವಿ ಜಾಹೀರಾತಿನ ಪುಣ್ಯದಿಂದ ಎಲ್ಲರಿಗೂ ಗೊತ್ತು. ಅದು ಬಸಿರಿಗೆ ಮಾತ್ರ, ಸೋಂಕಿಗಲ್ಲ. ಇನ್ನೊಂದು 72 ಗಂಟೆಯ ಲೆಕ್ಕವಿದೆ, ಅದನ್ನು ಯಾವ ಜಾಹೀರಾತೂ ಹೇಳುವುದಿಲ್ಲ: ಎಚ್‌ಐವಿ ತಗಲಿರಬಹುದಾದ ಸಂಪರ್ಕವಾದ 72 ಗಂಟೆಯೊಳಗೆ, ಆದಷ್ಟು ಬೇಗ, ಔಷಧ ಶುರುಮಾಡಿ 28 ದಿನ ತೆಗೆದುಕೊಂಡರೆ ಸೋಂಕು ನೆಲೆಯೂರದಂತೆ ತಡೆಯಲು ಸಾಧ್ಯ. ಇದಕ್ಕೆ ಜಿಲ್ಲಾ ಆಸ್ಪತ್ರೆಗೋ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಹೋಗಬೇಕು. ಲೈಂಗಿಕ ದೌರ್ಜನ್ಯ ಆದಾಗ ಮನೆಯವರು ‘ಯೋಚನೆ ಮಾಡೋಣ’ ಎಂದು ಕಳೆಯುವ ಎರಡು ಮೂರು ದಿನದಲ್ಲಿ ಕೈತಪ್ಪಿ ಹೋಗುವುದು ಇದೇ.

ವರದಿ ಮತ್ತು ಗುಟ್ಟು

ಈಗ ಎಲ್ಲರೂ ಹೆದರುವ ಕಾನೂನು. 2012ರ ಪೋಕ್ಸೊ, ಅಂದರೆ ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು, ಹುಡುಗರೂ ಸೇರಿ. ಆ ವಯಸ್ಸಿನವರ ಒಪ್ಪಿಗೆಯನ್ನು ಕಾನೂನು ಒಪ್ಪಿಗೆಯೆಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮದುವೆಯಾಗಿದೆ ಎಂಬ ನೆಪವೂ ನಡೆಯುವುದಿಲ್ಲ: ಹೆಂಡತಿಗೆ 18 ತುಂಬಿರದಿದ್ದರೆ ಆಕೆಯೊಂದಿಗಿನ ಲೈಂಗಿಕ ಸಂಪರ್ಕವೂ ಅಪರಾಧವೇ ಎಂದು ಸುಪ್ರೀಂ ಕೋರ್ಟ್ 2017ರ ಅಕ್ಟೋಬರ್‌ನಲ್ಲಿ ತೀರ್ಪು ಕೊಟ್ಟಿತು. ಕರ್ನಾಟಕದಲ್ಲಂತೂ ರಾಜ್ಯದ ತಿದ್ದುಪಡಿಯಿಂದ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು.

ಕಾಯ್ದೆಯ 19ನೇ ಕಲಂ ಪ್ರಕಾರ ಇಂಥ ಅಪರಾಧ ನಡೆದಿದೆ ಎಂದು ಗೊತ್ತಾದ ಯಾರೇ ಆಗಲಿ ಸ್ಥಳೀಯ ಪೊಲೀಸರಿಗೋ ವಿಶೇಷ ಬಾಲ ಪೊಲೀಸ್ ಘಟಕಕ್ಕೋ ತಿಳಿಸಲೇಬೇಕು. ವೈದ್ಯರು, ಶಿಕ್ಷಕರು, ಹಾಸ್ಟೆಲ್ ವಾರ್ಡನ್, ಹೆತ್ತವರು, ಯಾರಿಗೂ ವಿನಾಯಿತಿಯಿಲ್ಲ. ಮುಚ್ಚಿಟ್ಟರೆ ಆರು ತಿಂಗಳವರೆಗೆ ಜೈಲು, ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ವರದಿ ಮಾಡಲಿಲ್ಲವೆಂದು ಮಗುವನ್ನು ಮಾತ್ರ ಶಿಕ್ಷಿಸುವಂತಿಲ್ಲ. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಯಾವ ಮೊಕದ್ದಮೆಯೂ ನಿಲ್ಲುವುದಿಲ್ಲ. ಮಗುವಿಗೆ ಎಚ್‌ಐವಿಯನ್ನೋ ಬೇರೆ ಮಾರಕ ಸೋಂಕನ್ನೋ ತಗಲಿಸಿದ ದೌರ್ಜನ್ಯವನ್ನು 5ನೇ ಕಲಂ ಉಗ್ರ ಸ್ವರೂಪದ ಅಪರಾಧ ಎನ್ನುತ್ತದೆ. 2019ರ ತಿದ್ದುಪಡಿಯ ನಂತರ ಅದಕ್ಕೆ ಕನಿಷ್ಠ ಶಿಕ್ಷೆಯೇ 20 ವರ್ಷ. ಹೀಗಾಗಿ ಆಸ್ಪತ್ರೆಯ ಪರೀಕ್ಷಾ ವರದಿ ಚಿಕಿತ್ಸೆಗೆ ಬೇಕಾದಷ್ಟೇ ನ್ಯಾಯಕ್ಕೂ ಬೇಕು.

ಇಲ್ಲಿ ಒಂದು ತಪ್ಪು ಪದೇಪದೇ ಆಗುತ್ತದೆ. ಬಿಳಿಮುಟ್ಟು, ತುರಿಕೆ, ಉರಿಮೂತ್ರ ಎಂದು ಬಂದ ಹುಡುಗಿಯನ್ನು ಹೊರರೋಗಿ ವಿಭಾಗದ ಸಾಲಿನಲ್ಲೇ ವಿಚಾರಣೆಗೆ ನಿಲ್ಲಿಸಿಬಿಡುತ್ತಾರೆ. ಇವುಗಳಲ್ಲಿ ಬಹಳಷ್ಟು ಬೂಷ್ಟಿನ ಸೋಂಕು ಅಥವಾ ಮೂತ್ರದ ಸೋಂಕು. ಯಾರ ಸಂಪರ್ಕವೂ ಇಲ್ಲದೆ ಬರುತ್ತವೆ. ಎಚ್‌ಐವಿ, ಹೆಪಟೈಟಿಸ್ ಬಿ ಹೆರಿಗೆಯಲ್ಲೇ ತಾಯಿಯಿಂದ ಬಂದಿರಬಹುದು. ಕಾನೂನು ವರದಿ ಕೇಳುವುದು ಅಪರಾಧದ ಅರಿವಿಗೆ ಅಥವಾ ಆತಂಕಕ್ಕೆ, ರೋಗಲಕ್ಷಣಕ್ಕಲ್ಲ.

ಇನ್ನು ಚಿಕಿತ್ಸೆ. ಪೋಕ್ಸೊ ಅಡಿ ಸಂತ್ರಸ್ತರಾದ ಮಗುವಿಗೆ ಸರ್ಕಾರಿಯಾಗಲಿ ಖಾಸಗಿಯಾಗಲಿ ಯಾವ ಆಸ್ಪತ್ರೆಯೂ ತಕ್ಷಣ ಉಚಿತವಾಗಿ ಚಿಕಿತ್ಸೆ ಕೊಡಬೇಕು ಎನ್ನುತ್ತದೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಂ. ಕೊಡದವರಿಗೆ ಭಾರತೀಯ ನ್ಯಾಯ ಸಂಹಿತೆಯ 200ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಪೋಕ್ಸೊ ನಿಯಮಗಳು, 2020 ಇನ್ನೂ ಸ್ಪಷ್ಟ: ತುರ್ತು ಚಿಕಿತ್ಸೆಗೆ ಮೊದಲು ಪೊಲೀಸ್ ಪತ್ರ, ನ್ಯಾಯಾಲಯದ ಆದೇಶ, ಬೇರಾವ ದಾಖಲೆಯನ್ನೂ ವೈದ್ಯರು ಕೇಳುವಂತಿಲ್ಲ. ಲೈಂಗಿಕ ಸೋಂಕು ಮತ್ತು ಎಚ್‌ಐವಿ ತಡೆಯುವ ಔಷಧವನ್ನೂ ಆ ಚಿಕಿತ್ಸೆಯಲ್ಲಿ ಆ ನಿಯಮವೇ ಸೇರಿಸಿದೆ. ‘ಮೊದಲು ಎಫ್‌ಐಆರ್ ತನ್ನಿ’ ಎಂದು ಕೌಂಟರಿನಲ್ಲಿ ವಾಪಸು ಕಳಿಸಿದರೆ ಕಾನೂನು ಮುರಿದವರು ಕೌಂಟರಿನವರು. ಅವರ ಹೆಸರು, ಬಂದ ವೇಳೆ ಬರೆದಿಟ್ಟುಕೊಂಡು ಆಸ್ಪತ್ರೆಯ ಮುಖ್ಯಸ್ಥರಿಗೆ ಲಿಖಿತವಾಗಿ ಕೊಡಿ, ಸ್ವೀಕೃತಿ ಪಡೆಯಿರಿ.

ಎಫ್‌ಐಆರ್ ಆಗದಿದ್ದರೂ ವೈದ್ಯಕೀಯ ಪರೀಕ್ಷೆ ಮಾಡಬಹುದು. ಹುಡುಗಿಯನ್ನು ವೈದ್ಯೆಯೇ ಪರೀಕ್ಷಿಸಬೇಕು. ಜೊತೆಗೆ ಹೆತ್ತವರು ಅಥವಾ ಮಗು ನಂಬುವ ಬೇರೊಬ್ಬರು ಇರಬೇಕು. ಆ ‘ಬೇರೊಬ್ಬರು’ ಎಂಬುದು ಮುಖ್ಯ, ಏಕೆಂದರೆ ಕೆಲವು ಮನೆಗಳಲ್ಲಿ ಹೆದರಿಕೆ ಇರುವುದೇ ಮನೆಯವರದ್ದು. 12 ದಾಟಿದ ಮಗುವಿನ ಸ್ವಂತ ಒಪ್ಪಿಗೆಯಿಲ್ಲದೆ ಪರೀಕ್ಷಿಸಬಾರದೆಂದು ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿ ಹೇಳುತ್ತದೆ. ಪರೀಕ್ಷೆ ಬೇಡವೆಂದರೂ ಚಿಕಿತ್ಸೆ ನಿಲ್ಲಿಸುವಂತಿಲ್ಲ.

ಪೊಲೀಸರಿಗೂ ಗೆರೆಗಳಿವೆ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲೋ ಅದು ಇಷ್ಟಪಟ್ಟ ಜಾಗದಲ್ಲೋ ಪಡೆಯಬೇಕು, ಸಮವಸ್ತ್ರ ಧರಿಸಿರಬಾರದು, ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳಬಾರದು. 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ವಿಷಯ ತಿಳಿಸಬೇಕು. ಎಫ್‌ಐಆರ್ ಪ್ರತಿ ಉಚಿತ. ಮಗುವಿನ ಹೆಸರು, ಶಾಲೆ, ಬೀದಿ, ಗುರುತು ಸಿಗುವ ಯಾವುದನ್ನೂ ಮಾಧ್ಯಮ ಪ್ರಕಟಿಸುವಂತಿಲ್ಲ. ಸಮಿತಿ ಒಬ್ಬ ಬೆಂಬಲ ವ್ಯಕ್ತಿಯನ್ನು ನೇಮಿಸಬಹುದು, ತನಿಖೆ ವಿಚಾರಣೆ ಮುಗಿಯುವ ತನಕ ಅವರು ಜೊತೆಗಿರುತ್ತಾರೆ. ವಕೀಲರಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಿ. ಮಕ್ಕಳ ಸಹಾಯವಾಣಿ 1098.

ಬಸಿರಾದ ಹುಡುಗಿಯ ವಿಷಯದಲ್ಲಿ ಗುಟ್ಟಿನ ಹಕ್ಕನ್ನು ಸುಪ್ರೀಂ ಕೋರ್ಟ್ ಇನ್ನಷ್ಟು ಗಟ್ಟಿ ಮಾಡಿದೆ. 18ರೊಳಗಿನವರ ಗರ್ಭಪಾತಕ್ಕೆ ಪೋಷಕರ ಲಿಖಿತ ಒಪ್ಪಿಗೆ ಬೇಕು. 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ, 24ರವರೆಗೆ ಇಬ್ಬರದ್ದು. ಒಪ್ಪಿಗೆಯಿಂದ ನಡೆದ ಸಂಬಂಧದಲ್ಲಿ ಬಸಿರಾದವರು ಪೊಲೀಸರಿಗೆ ಹೆದರಿ ನಕಲಿ ವೈದ್ಯರ ಕೈಗೆ ಬೀಳುತ್ತಿರುವುದನ್ನು ಗಮನಿಸಿದ ನ್ಯಾಯಮೂರ್ತಿಗಳಾದ ಚಂದ್ರಚೂಡ್, ಬೋಪಣ್ಣ ಮತ್ತು ಪಾರ್ದಿವಾಲಾ ಅವರ ಪೀಠ 2022ರ ಸೆಪ್ಟೆಂಬರ್ 29ರಂದು ದಾರಿಯೊಂದನ್ನು ತೆರೆಯಿತು: ಹುಡುಗಿಯೂ ಪೋಷಕರೂ ಕೇಳಿಕೊಂಡರೆ, ವೈದ್ಯರು 19ನೇ ಕಲಮಿನ ವರದಿಯಲ್ಲಿ ಆಕೆಯ ಹೆಸರು, ಗುರುತು ಕೊಡಬೇಕಿಲ್ಲ. ವರದಿ ತಪ್ಪುವುದಿಲ್ಲ, ಹೆಸರು ಗುಟ್ಟಾಗಿ ಉಳಿಯುತ್ತದೆ. ಈ ತೀರ್ಪು ಗೊತ್ತಿಲ್ಲದ ಆಸ್ಪತ್ರೆಗಳಿವೆ. ಕೇಳುವವರು ತಾರೀಖು ಹೇಳಿ ಕೇಳಬೇಕು.

ಇಬ್ಬರೂ ಹದಿನೇಳರವರಾಗಿದ್ದರೆ? ಕಾಯ್ದೆಯಲ್ಲಿ ಸದ್ಯ ಅದಕ್ಕೆ ವಿನಾಯಿತಿಯಿಲ್ಲ. ದೂರು ದಾಖಲಾದರೆ ಹುಡುಗ ಬಾಲ ನ್ಯಾಯ ಮಂಡಳಿಯ ಮುಂದೆ ನಿಲ್ಲಬೇಕಾಗುತ್ತದೆ. ಇಂಥ ಪ್ರಕರಣಗಳನ್ನು ಕಂಡೇ ನಮ್ಮ ಹೈಕೋರ್ಟಿನ ಧಾರವಾಡ ಪೀಠ 2022ರ ನವೆಂಬರ್‌ನಲ್ಲಿ ವಯಸ್ಸಿನ ಮಿತಿಯನ್ನು ಮರುಯೋಚಿಸುವಂತೆ ಕಾನೂನು ಆಯೋಗಕ್ಕೆ ಸೂಚಿಸಿತು, ಒಂಬತ್ತನೇ ತರಗತಿಯಿಂದಲೇ ಪೋಕ್ಸೊ ಬಗ್ಗೆ ಪಾಠವಾಗಬೇಕೆಂದೂ ಹೇಳಿತು. ಆಯೋಗ 2023ರ ವರದಿಯಲ್ಲಿ ವಯಸ್ಸು ಇಳಿಸುವುದು ಬೇಡ, 16ರಿಂದ 18ರವರ ಪ್ರಕರಣಗಳಲ್ಲಿ ಶಿಕ್ಷೆಯ ವಿಷಯಕ್ಕೆ ನ್ಯಾಯಾಧೀಶರಿಗೆ ವಿವೇಚನೆ ಇರಲಿ ಎಂದಿತು. ಚರ್ಚೆ ದೆಹಲಿಯಲ್ಲಿ ನಡೆಯಲಿ. ಪಾಠಕ್ಕೆ ಯಾವ ತಿದ್ದುಪಡಿಯೂ ಬೇಕಿಲ್ಲ, ಪ್ರೌಢಶಾಲೆಗಳು ಅದನ್ನು ನಾಳೆಯೇ ಶುರುಮಾಡಬಹುದು.

ಬಾಗಿಲು ಎಲ್ಲಿದೆ

ಏನೂ ಆಗುವ ಮೊದಲೇ ಮಾತಾಡಲು ಒಂದು ಜಾಗವಿದೆ. 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ ಹದಿಹರೆಯದವರಿಗೆಂದೇ ಆಪ್ತ ಸಲಹೆಯ ಕ್ಲಿನಿಕ್‌ಗಳಿವೆ, ಕರ್ನಾಟಕದಲ್ಲಿ ಅವಕ್ಕೆ ‘ಸ್ನೇಹ ಕ್ಲಿನಿಕ್’ ಎಂಬ ಹೆಸರು. ಮುಟ್ಟಿನ ತೊಂದರೆ, ಮೊಡವೆ, ರಕ್ತಹೀನತೆ ಎಲ್ಲದಕ್ಕೂ ಅಲ್ಲಿಗೆ ಹೋಗುವುದರಿಂದ ಬಾಗಿಲಲ್ಲಿ ಕಂಡವರು ಏನೂ ಊಹಿಸಲಾರರು. ಲೈಂಗಿಕ ಸೋಂಕಿನ ಪರೀಕ್ಷೆ, ಔಷಧಕ್ಕೆ ಜಿಲ್ಲಾ ಆಸ್ಪತ್ರೆಗಳಲ್ಲಿ ‘ಸುರಕ್ಷಾ ಕ್ಲಿನಿಕ್’ ಇದೆ. ಸೋಂಕಿನ ಬಗೆಗೊಂದರಂತೆ ಬೇರೆಬೇರೆ ಬಣ್ಣದ ಔಷಧ ಕಿಟ್‌ಗಳನ್ನು ಉಚಿತವಾಗಿ ಕೊಡುತ್ತಾರೆ. ಎಚ್‌ಐವಿ ಸಂದೇಹಗಳಿಗೆ 1097.

ಪರೀಕ್ಷೆಯಲ್ಲಿ ಎಚ್‌ಐವಿ ಕಂಡರೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಕೈಹಿಡಿಯುತ್ತದೆ. ತಿಳಿವಳಿಕೆಯ ಒಪ್ಪಿಗೆಯಿಲ್ಲದೆ ಪರೀಕ್ಷಿಸುವಂತಿಲ್ಲ. 18ರೊಳಗಿನವರಿಗೆ ಸಾಮಾನ್ಯವಾಗಿ ಹೆತ್ತವರ ಅಥವಾ ಪೋಷಕರ ಸಹಿ ಕೇಳುತ್ತಾರೆ. ಫಲಿತಾಂಶವನ್ನು ಶಾಲೆಗೋ ನೆರೆಹೊರೆಗೋ ತಿಳಿಸುವಂತಿಲ್ಲ. ಆ ಕಾರಣಕ್ಕೆ ವಿದ್ಯಾರ್ಥಿಯನ್ನು ಶಾಲೆಯಿಂದ ಬಿಡಿಸುವುದು, ಬೇರೆ ಬೆಂಚಿಗೆ ಕೂರಿಸುವುದು, ಹಾಸ್ಟೆಲ್ ನಿರಾಕರಿಸುವುದು ಕಾನೂನುಬಾಹಿರ. ಹೀಗಾದರೆ ಮುಖ್ಯೋಪಾಧ್ಯಾಯರ ಜೊತೆ ಜಗಳಕ್ಕೆ ನಿಲ್ಲುವ ಬದಲು ಈ ಕಾಯ್ದೆಯಡಿ ರಾಜ್ಯ ಸರ್ಕಾರ ನೇಮಿಸುವ ಓಂಬುಡ್ಸ್‌ಮನ್‌ಗೆ ದೂರು ಬರೆಯಿರಿ. ಅವರು 30 ದಿನದೊಳಗೆ ಆದೇಶ ಕೊಡಬೇಕು, ವೈದ್ಯಕೀಯ ತುರ್ತಿದ್ದರೆ ಆದಷ್ಟು ಬೇಗ, ಸಾಧ್ಯವಾದರೆ 24 ಗಂಟೆಯೊಳಗೆ. ಆದೇಶ ಪಾಲಿಸದವರಿಗೆ ದಂಡ ಬೀಳುತ್ತದೆ, ಪಾಲಿಸುವ ತನಕ ದಿನದ ಲೆಕ್ಕದಲ್ಲಿ ಏರುತ್ತಲೂ ಹೋಗುತ್ತದೆ.