ಕುಡಿ ಚಿವುಟಿದರೆ ಬಳ್ಳಿ ತುಂಬುವುದು

ಮನಿ ಪ್ಲಾಂಟನ್ನು ಕಾಣದವರು ನಮ್ಮಲ್ಲಿ ವಿರಳ. ಆದರೆ ಅನೇಕರ ಮನೆಗಳಲ್ಲಿ ಅದು ಒಂದೇ ಎಳೆಯಾಗಿ ಇಳಿಬಿದ್ದು, ಬುಡದ ಎಲೆಯುದುರಿ ಬೋಳಾಗಿರುತ್ತದೆ. ನನ್ನ ಕೋಣೆಯ ಬಳ್ಳಿಯೂ ಹಾಗೆಯೇ ಇದ್ದಿತು. ಉದ್ದವೇ ಏಳಿಗೆಯೆಂದು ನಾನು ನಂಬಿದ್ದೆನು. ಒಂದು ದಿನ ನನ್ನನ್ನು ನೋಡಲು ಬಂದ ತಂದೆಯವರು ಅದರ ಕುಡಿಯನ್ನು ಉಗುರಿನಿಂದ ಚಿವುಟಿಬಿಟ್ಟರು. ನಾನು ರೇಗಿದೆನು. “ಕುಡಿ ಇರೋಗಂಟ ಕವಲು ಬರಲ್ಲ ಕಣಪ್ಪ” ಎಂದಷ್ಟೇ ಹೇಳಿ ಸುಮ್ಮನಾದರು. ಅವರು ವೀಳ್ಯದೆಲೆ ತೋಟಗಳಲ್ಲಿ ಕೂಲಿಗೆ ದುಡಿದವರು, ಓದುಬರಹ ಬಲ್ಲವರಲ್ಲ. ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು.

ಸಸ್ಯಶಾಸ್ತ್ರದ ಪುಸ್ತಕವೂ ಅದನ್ನೇ ಹೇಳುತ್ತದೆ. ಕುಡಿಯಲ್ಲಿ ಹುಟ್ಟುವ ಆಕ್ಸಿನ್ ಎಂಬ ರಸವು ಕೆಳಕ್ಕೆ ಹರಿದು, ಗೆಣ್ಣುಗಳ ಮೊಗ್ಗುಗಳನ್ನು ಏಳಗೊಡುವುದಿಲ್ಲ. 1933ರಲ್ಲಿ ತಿಮಾನ್ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು, ಕುಡಿ ಕತ್ತರಿಸಿದ ಗಿಡದ ತುದಿಗೆ ಈ ರಸವನ್ನು ಸೇರಿಸಿದರೆ ಮೊಗ್ಗುಗಳು ಮಲಗಿಯೇ ಇರುವುದನ್ನು ತೋರಿಸಿದರು. ಕುಡಿ ಹೋದಾಗ ಅದರ ಪಾಲಿನ ಸಕ್ಕರೆ ಮೊಗ್ಗುಗಳಿಗೆ ಒದಗುವುದೂ ಒಂದು ಕಾರಣವೆಂದು ಈಚಿನ ಸಂಶೋಧನೆ ತಿಳಿಸಿದೆ.

ಇನ್ನು ಮಾಡುವ ಕ್ರಮ. ಬಳ್ಳಿಯನ್ನು ಗೆಣ್ಣಿನ ಸ್ವಲ್ಪ ಮೇಲೆ ಕತ್ತರಿಸಬೇಕು. ಆ ಗೆಣ್ಣಿನಿಂದಲೇ ಹೊಸ ಕವಲು ಒಡೆಯುವುದು. ಒಂದೇ ಸಲಕ್ಕೆ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ತೆಗೆಯಬಾರದು. ಕತ್ತರಿಸಿದ್ದನ್ನು ಎಸೆಯದೆ, ಎರಡು ಮೂರು ಗೆಣ್ಣುಗಳ ತುಂಡು ಮಾಡಿ, ಕೆಳಗಿನ ಎಲೆ ತೆಗೆದು, ಆ ಗೆಣ್ಣು ಮುಳುಗುವಂತೆ ನೀರಿನ ಸೀಸೆಯಲ್ಲಿಡಿ. ವಾರಕ್ಕೊಮ್ಮೆಯಾದರೂ ನೀರು ಬದಲಿಸಿ. ಎರಡರಿಂದ ನಾಲ್ಕು ವಾರದಲ್ಲಿ ಬೇರು ಕಾಣುವುದು. ಗೆಣ್ಣಿಲ್ಲದ ಬರಿಯ ಎಲೆಗೆ ಬೇರು ಬಂದರೂ ಅದು ಬಳ್ಳಿಯಾಗದು. ಬೇರು ಎರಡಂಗುಲ ಬೆಳೆದ ಮೇಲೆ ನಾಲ್ಕೈದು ತುಂಡುಗಳನ್ನು ಒಂದೇ ಕುಂಡದಲ್ಲಿ ನೆಡಬೇಕು. ಕುಂಡ ತುಂಬುವ ಗುಟ್ಟು ಇದೇ. ಕಿಟಕಿಯ ಬೆಳಕಿರಲಿ, ಸುಡುಬಿಸಿಲು ಬೇಡ. ಬೆಳಕು ಸಾಲದಿದ್ದರೆ ಗೆಣ್ಣುಗಳ ನಡುವಿನ ಅಂತರ ಹೆಚ್ಚಿ ಬಳ್ಳಿ ಸೊರಗುತ್ತದೆ. ಎಲೆಯನ್ನು ಮಕ್ಕಳು ಬಾಯಿಗಿಡದಂತೆ ಎಚ್ಚರವಿರಬೇಕು, ಬಾಯಿ ಉರಿಯುತ್ತದೆ.

ಕತ್ತರಿಸಲು ಮನಸ್ಸು ಬಾರದವರಿಗೆ ನಮ್ಮ ಎಲೆತೋಟದ ಪದ್ಧತಿಯೊಂದುಂಟು. ಅಗಸೆ, ಹಾಲುವಾಣದ ಮರಗಳಿಗೆ ಹಬ್ಬಿದ ವೀಳ್ಯದ ಬಳ್ಳಿಯನ್ನು ವರ್ಷಕ್ಕೊಮ್ಮೆ ಕೆಳಗಿಳಿಸಿ, ಬುಡದಲ್ಲಿ ಸುತ್ತಿ ಮಣ್ಣು ಮುಚ್ಚುತ್ತಾರೆ. ಗೆಣ್ಣುಗೆಣ್ಣಿಗೂ ಬೇರಿಳಿದು ಬಳ್ಳಿಗೆ ಮತ್ತೆ ಪ್ರಾಯ ಬರುತ್ತದೆ. ಕುಂಡದ ಬಳ್ಳಿಯನ್ನೂ ಹೀಗೆಯೇ ಮಣ್ಣಿನ ಮೇಲೆ ಸುತ್ತಿಡಬಹುದು.

ಮನಿ ಪ್ಲಾಂಟ್ ಪೆಸಿಫಿಕ್ ಸಾಗರದ ಮೊರೆಯ ದ್ವೀಪದ್ದು. ಅದು ಹೂಬಿಡುವುದೇ ಅಪರೂಪ. ಕೈಯಿಂದ ಕೈಗೆ ತುಂಡಾಗಿಯೇ ನಮ್ಮವರೆಗೆ ಬಂದಿದೆ. ಭೌಗೋಳಿಕ ಸೂಚಕ ಪಡೆದ ನಮ್ಮ ಮೈಸೂರು ವೀಳ್ಯದೆಲೆಯೂ ತುಂಡಿನಿಂದಲೇ ವಂಶ ಬೆಳೆಸುವುದು. ಊರು ಬೆಳೆದಂತೆ ಎಲೆತೋಟಗಳು ಕಿರಿದಾಗಿವೆ. ಬಳ್ಳಿಯನ್ನು ಕತ್ತರಿಸಿ ನೆಡುವ ಕೈಗಳು ಇಲ್ಲವಾದರೆ ಆ ತಳಿಯೂ ಇಲ್ಲವಾದೀತು.

ತಂದೆಯವರು ಮತ್ತೆ ಬಂದಾಗ ನನ್ನ ಕುಂಡದಲ್ಲಿ ಐದು ಬಳ್ಳಿಗಳಿದ್ದವು. ಈ ಸಲ ಕುಡಿ ಚಿವುಟಿದವನು ನಾನು; ಅವರು ನೋಡಿ ನಕ್ಕರು. ತುಂಡು ಬೇಕಾದ ಮಿತ್ರರು ಕೇಳಿದರೆ ಸಂತೋಷದಿಂದ ಕೊಡುವೆನು.