ಗಡಿಯಾರವೂ ಆಟಗಾರನೂ

ಮುಳಬಾಗಿಲು ತಾಲ್ಲೂಕಿನ ಆವನಿಯಲ್ಲಿ ರಾಮಲಿಂಗೇಶ್ವರ ದೇವಾಲಯದ ಕಡೆಯಿಂದ ಬೆಟ್ಟದ ಮೇಲಿನ ಸೀತಾದೇವಿಯ ಗುಡಿಗೆ ದಾರಿಯುಂಟು. ಹದಿಮೂರು ವರ್ಷದ ಇಬ್ಬರು ಬಾಲಕರು ಪಂದ್ಯ ಕಟ್ಟಿ ಆ ದಾರಿಯನ್ನು ಹತ್ತಿದರೆನ್ನಿ. ಒಬ್ಬನು ಬೇಗನೆ ಮೇಲೇರಿದನು. ಇನ್ನೊಬ್ಬನು ನಡುವೆ ಎರಡು ಬಾರಿ ಬಂಡೆಗೆ ಒರಗಿ ನಿಂತು ತಡವಾಗಿ ಬಂದನು. ಇವರಲ್ಲಿ ಟೆನಿಸ್ ಆಟಕ್ಕೆ ತಕ್ಕವನು ಯಾರು? ಮೊದಲು ಬಂದವನೇ ಎಂದು ನಾವು ಥಟ್ಟನೆ ಹೇಳಿಬಿಡುತ್ತೇವೆ. ಬೆಟ್ಟವು ಅವನ ದಮ್ಮನ್ನು ಅಳೆಯಿತು, ನಿಜ. ಆದರೆ ಟೆನಿಸ್ ಬೇಡುವುದು ದಮ್ಮನ್ನು ಮಾತ್ರವಲ್ಲ.

ಟೆನಿಸ್ ಅಂಕಣದ ಉದ್ದ 23.77 ಮೀಟರ್, ಒಬ್ಬರೆದುರು ಒಬ್ಬರು ಆಡುವಾಗ ಅದರ ಅಗಲ 8.23 ಮೀಟರ್. ಬಲೆಯ ಈಚೆಗಿನ ಅರ್ಧವಷ್ಟೇ ಆಟಗಾರನ ಪಾಲು. ಅಲ್ಲಿ ನೇರವಾಗಿ ಬಹುದೂರ ಓಡುವ ಪ್ರಮೇಯವೇ ಇಲ್ಲ. ನಾಲ್ಕು ಹೆಜ್ಜೆ ಧಾವಿಸಿ, ನಿಂತು, ಚೆಂಡನ್ನು ಹೊಡೆದು, ಮರುಕ್ಷಣವೇ ತಿರುಗಬೇಕು. ಈ ಚುರುಕನ್ನು ಅರಿಯಲು ತರಬೇತುದಾರರು ‘ಜೇಡನ ಓಟ’ವೆಂಬ ಪರೀಕ್ಷೆಯನ್ನು ನಡೆಸುತ್ತಾರೆ. ಅದಕ್ಕಾಗಿ ಬೆಂಗಳೂರಿನ ಕಬ್ಬನ್ ಉದ್ಯಾನದ ಅಂಕಣಗಳಿಗೇ ಹೋಗಬೇಕಾಗಿಲ್ಲ. ಶಾಲೆಯ ಬಯಲಿನಲ್ಲಿ ಸುಣ್ಣದ ಗೆರೆ ಎಳೆದರೆ ಸಾಕು. ಹಿಂದಿನ ಗೆರೆಯ ನಡುವೆ ರ‍್ಯಾಕೆಟ್ಟನ್ನು ಇಡಬೇಕು. ಆ ಗೆರೆಯ ಎರಡು ತುದಿಗಳಲ್ಲಿ ಒಂದೊಂದು ಚೆಂಡು, 5.485 ಮೀಟರ್ ಮುಂದಿರುವ ಸರ್ವ್ ಗೆರೆಯ ಎರಡು ತುದಿಗಳಲ್ಲಿಯೂ ನಡುವಿನಲ್ಲಿಯೂ ಒಂದೊಂದು. ಈ ಐದು ಚೆಂಡುಗಳನ್ನು ಒಂದೊಂದಾಗಿ ತಂದು ರ‍್ಯಾಕೆಟ್ಟಿನ ಮೇಲೆ ಇಡಬೇಕು. ಲೆಕ್ಕ ಹಾಕಿ ನೋಡಿ: ಒಟ್ಟು ದೂರ ಸುಮಾರು 55 ಮೀಟರ್. ಶಾಲೆಯ 50 ಮೀಟರ್ ಓಟಕ್ಕಿಂತ ಹೆಚ್ಚೇನೂ ಅಲ್ಲ. ಆದರೆ ಇಲ್ಲಿ ಒಂಬತ್ತು ಬಾರಿ ನಿಂತು ತಿರುಗಬೇಕು! ನೇರ ಓಟದಲ್ಲಿ ಗೆದ್ದವನು ಇಲ್ಲಿ ಸೋಲುವುದುಂಟು.

ಇದರೊಡನೆ ನಿಂತಲ್ಲಿಂದ ಮೇಲಕ್ಕೆ ನೆಗೆಯುವ ಪರೀಕ್ಷೆಯೂ ಭಾರದ ಚೆಂಡನ್ನು ಎಸೆಯುವ ಪರೀಕ್ಷೆಯೂ ಇವೆ. ಸರ್ವ್ ಮಾಡುವಾಗ ಬಲವು ಕಾಲಿನಿಂದ ಹೊರಟು ಸೊಂಟ, ಬೆನ್ನು, ಭುಜಗಳ ಮೂಲಕ ಕೈಗೆ ಹರಿಯುತ್ತದೆ. ತೋಳೊಂದೇ ದಪ್ಪವಿದ್ದರೆ ಪ್ರಯೋಜನವಿಲ್ಲ.

ಅಂಕಿಗಳು ದೊರೆತವು, ಅವನ್ನು ಓದುವುದು ಹೇಗೆ? ಕಷ್ಟವಿರುವುದು ಇಲ್ಲಿಯೇ. ಶಾಲೆಯ ದಾಖಲೆಯಲ್ಲಿ ಒಂದೇ ವಯಸ್ಸಿನ ಇಬ್ಬರು ಬಾಲಕರ ದೇಹಗಳ ವಯಸ್ಸು ಒಂದೇ ಆಗಿರುವುದಿಲ್ಲ. ಒಬ್ಬನು ಆಗಲೇ ಸರ್ರನೆ ಬೆಳೆದಿರುತ್ತಾನೆ. ಇನ್ನೊಬ್ಬನ ಬೆಳವಣಿಗೆ ಮುಂದಿನ ವರ್ಷವೋ ಅದರಾಚೆಯ ವರ್ಷವೋ ಬರಬೇಕಾಗಿರುತ್ತದೆ. ಇಂದು ಗೆದ್ದವನದು ಪ್ರತಿಭೆಯೋ, ಮೊದಲು ಬಂದ ಬೆಳವಣಿಗೆಯೋ? ಇದನ್ನು ವಿಚಾರಿಸದೆ ಪಟ್ಟಿಯಿಂದ ಹೆಸರನ್ನು ಹೊಡೆದುಹಾಕುವುದು ಅನ್ಯಾಯವೆಂದೇ ಹೇಳಬೇಕು. ಬಲ್ಲ ಪರೀಕ್ಷಕರು ನಿಂತಾಗಿನ ಎತ್ತರವನ್ನೂ ಕುಳಿತಾಗಿನ ಎತ್ತರವನ್ನೂ ಅಳೆದು, ಬೆಳವಣಿಗೆಯ ಹಂತವನ್ನು ಅಂದಾಜು ಮಾಡುತ್ತಾರೆ. ಕೆಲವು ತಿಂಗಳ ಬಳಿಕ ಅದೇ ಪರೀಕ್ಷೆಯನ್ನು ಮತ್ತೆ ನಡೆಸುತ್ತಾರೆ.

ಗಡಿಯಾರಕ್ಕೆ ಸಿಕ್ಕದ ಸಂಗತಿಗಳೂ ಇವೆ. ಗಂಟೆಗೆ 180 ಕಿಲೋಮೀಟರ್ ವೇಗದ ಸರ್ವ್ ಎದುರಾಳಿಯನ್ನು ತಲುಪಲು ಸುಮಾರು ಅರ್ಧ ಸೆಕೆಂಡು ಸಾಕು. ಚೆಂಡು ಬಂದ ಮೇಲೆ ಯೋಚಿಸಿದರೆ ಆಟ ಮುಗಿಯಿತು. ಎದುರಾಳಿಯ ಭುಜವನ್ನೂ ಅವನು ಚೆಂಡನ್ನು ಮೇಲಕ್ಕೆಸೆಯುವ ರೀತಿಯನ್ನೂ ಮೊದಲೇ ಓದಿಕೊಳ್ಳಬೇಕು. ಈ ಜಾಣತನವು ವರ್ಷಗಟ್ಟಲೆ ಆಡಿದ ಮೇಲೆ ಬರುವಂಥದು.

ಕೊಡಗಿನಲ್ಲಿ ಬೆಳೆದ ರೋಹನ್ ಬೋಪಣ್ಣನವರು ಹನ್ನೊಂದನೆಯ ವಯಸ್ಸಿನಲ್ಲಿ ಟೆನಿಸ್ ಹಿಡಿದರು. ಗ್ರ್ಯಾಂಡ್ ಸ್ಲ್ಯಾಮ್ ಪಂದ್ಯಾವಳಿಯೊಂದರ ಪುರುಷರ ಡಬಲ್ಸ್ ಪ್ರಶಸ್ತಿ ಅವರಿಗೆ ಮೊದಲ ಬಾರಿ ದೊರೆತದ್ದು 2024ರ ಜನವರಿಯಲ್ಲಿ, ಮ್ಯಾಥ್ಯೂ ಎಬ್ಡನ್ ಅವರೊಡನೆ ಆಸ್ಟ್ರೇಲಿಯದಲ್ಲಿ ಆಡಿದಾಗ. ಆ ತಿಂಗಳೇ ಅವರು ಡಬಲ್ಸ್‌ನಲ್ಲಿ ವಿಶ್ವದ ಮೊದಲನೆಯ ಸ್ಥಾನಕ್ಕೆ ಏರಿದರು. ಆಗ ಅವರಿಗೆ ನಲವತ್ತಮೂರು ವರ್ಷ.